ಮಸೂರ, ಆಪ್ಟಿಕಲ್ ಫಿಲ್ಮ್‌ಗಳ ಹೊಂದಿಕೆ: ಕಡಿಮೆ ಖರ್ಚಿನ ವಿಧಾನಗಳು

ಕ್ಯಾಮೆರಾ, ಸೂಕ್ಷ್ಮದರ್ಶಕ, ಎಲ್‌ಸಿಡಿ ಪರದೆಗಳನ್ನು ತಯಾರಿಸುವಾಗ ಮಸೂರಗಳನ್ನು ಒಂದೇ ಅಕ್ಷದ ಮೇಲೆ, ಫಿಲ್ಮ್‌ಗಳನ್ನು ಗೊತ್ತಾದ ಕೋನದಲ್ಲಿ ಕೂರಿಸುವ ಕೆಲಸವೇ ಹೊಂದಿಕೆ. ಮಸೂರ ಪಕ್ಕಕ್ಕೆ ಸರಿದರೆ ಅಥವಾ ವಾಲಿದರೆ ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ. ಫಿಲ್ಮ್ ತಿರುಗಿದರೆ ಕಪ್ಪಾಗಿರಬೇಕಾದ ಪರದೆ ಬೂದುಬಣ್ಣಕ್ಕೆ ತಿರುಗುತ್ತದೆ. ಬರುತ್ತಿರುವ ಚಿತ್ರವನ್ನು ಗಮನಿಸುತ್ತ ಯಂತ್ರದಿಂದ ಮಸೂರವನ್ನು ಅತ್ತಿತ್ತ ಸರಿಸಿ ಅಂಟಿಸುವ ವಿಧಾನ ಉಂಟು. ಆದರೆ ಪ್ರತಿಯೊಂದು ನಗಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ, ಯಂತ್ರವೂ ದುಬಾರಿ. ಅಗ್ಗದ ವಿಧಾನಗಳೆಲ್ಲ ಇನ್ನೊಂದು ದಾರಿ ಹಿಡಿಯುತ್ತವೆ: ನಿಖರತೆಯನ್ನು ಅಚ್ಚಿನಲ್ಲೋ ಭಾಗದ ಆಕಾರದಲ್ಲೋ ಒಮ್ಮೆ ತಂದುಕೊಂಡರೆ, ಆಮೇಲೆ ಭಾಗಗಳು ತಾವಾಗಿಯೇ ಜಾಗಕ್ಕೆ ಬಂದು ಕೂರುತ್ತವೆ.

ಗೋಳೀಯ ಮಸೂರದ ಎರಡು ಮೇಲ್ಮೈಗಳ ವಕ್ರತಾ ಕೇಂದ್ರಗಳನ್ನು ಸೇರಿಸುವ ಗೆರೆ ಅದರ ಅಕ್ಷ. ಮಸೂರದ ಅಂಚು ಈ ಅಕ್ಷಕ್ಕೆ ಸಮನಾಗಿ ದುಂಡಗಿದ್ದರೆ ಅದನ್ನು ಕೊಳವೆಯೊಳಗೆ ಸುಮ್ಮನೆ ಇಳಿಸಿದರೂ ಸಾಕು. ಹಾಗಾಗಿ ಕೆಲಸವೆಲ್ಲ ಅಂಚನ್ನು ಅರೆಯುವ ಹಂತದಲ್ಲಿದೆ. ಹಳೆಯ ಕ್ರಮದಲ್ಲಿ, ತಿರುಗುವ ಹಿತ್ತಾಳೆ ಕೊಳವೆಯ ಬಾಯಿಗೆ ಬೆಚ್ಚಗಿನ ಪಿಚ್ ಎಂಬ ರಾಳದಿಂದ ಮಸೂರವನ್ನು ಅಂಟಿಸುತ್ತಾರೆ. ಗೋಳೀಯ ಮೇಲ್ಮೈಯೊಂದು ದುಂಡನೆಯ ಬಾಯಿಯ ಮೇಲೆ ಸುತ್ತಲೂ ಒತ್ತಿ ಕುಳಿತಿತೆಂದರೆ ಅದರ ಕೇಂದ್ರ ತಾನಾಗಿ ತಿರುಗುವ ಅಕ್ಷದ ಮೇಲೇ ಇರುತ್ತದೆ. ಇದು ಜ್ಯಾಮಿತಿ ಬಿಟ್ಟಿಯಾಗಿ ಕೊಡುವ ನಿಖರತೆ. ಉಳಿಯುವುದು ಹೊರಮೈ ಮಾತ್ರ. ಅದರಲ್ಲಿ ಕಾಣುವ ದೀಪದ ಪ್ರತಿಬಿಂಬ ತಿರುಗುವಾಗ ಅಲುಗಾಡಿದರೆ ಮಸೂರ ಇನ್ನೂ ಸರಿ ಕುಳಿತಿಲ್ಲವೆಂದು ಅರ್ಥ. ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳುತ್ತ ಪ್ರತಿಬಿಂಬ ಅಲ್ಲಾಡದಂತಾದಾಗ ರಾಳವನ್ನು ಆರಲು ಬಿಟ್ಟು ಅಂಚನ್ನು ಅರೆಯುತ್ತಾರೆ. ದೀಪದ ಬದಲು ಲೇಸರ್ ಪಾಯಿಂಟರ್ ಬಳಸಿ ಬೆಳಕಿನ ಚುಕ್ಕೆಯನ್ನು ದೂರದ ಗೋಡೆಗೆ ಬೀಳಿಸಿದರೆ ಸಣ್ಣ ಓಲಾಟವೂ ದೊಡ್ಡ ವೃತ್ತವಾಗಿ ಕಾಣುತ್ತದೆ.

ಇದನ್ನೇ ವೇಗಗೊಳಿಸಿದ್ದು ಎರಡು ಬಟ್ಟಲಿನ ಹಿಡಿತ. ಒಂದೇ ಅಕ್ಷದ ಮೇಲಿರುವ ಎರಡು ಉಂಗುರಬಾಯಿಗಳು ಮಸೂರವನ್ನು ಎರಡೂ ಕಡೆಯಿಂದ ಒತ್ತಿದಾಗ ಅದು ಜಾರಿ ಜಾರಿ ನಡುವಿಗೆ ಬಂದು ನಿಲ್ಲುತ್ತದೆ. ಉಬ್ಬು ಹೆಚ್ಚಿರುವ ಮಸೂರಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಉಬ್ಬು ಕಡಿಮೆಯಾದರೆ ಘರ್ಷಣೆಯೇ ಮೇಲುಗೈಯಾಗಿ ಮಸೂರ ಜಾರುವುದಿಲ್ಲ. ಅಂಥವುಗಳಿಗೆ ಪ್ರತಿಬಿಂಬದ ವಿಧಾನವೇ ಗತಿ. ಮೊಬೈಲ್ ಕ್ಯಾಮೆರಾದ ಪ್ಲಾಸ್ಟಿಕ್ ಮಸೂರಗಳಿಗೆ ಅರೆಯುವ ಹಂತವೇ ಇಲ್ಲ. ಒಂದರೊಳಗೊಂದು ಕೂರುವ ಇಳಿಜಾರು ಅಂಚನ್ನು ಅಚ್ಚಿನಲ್ಲೇ ಎರಕ ಹೊಯ್ದಿರುತ್ತಾರೆ.

ಈ ದಾರಿಯ ಅತ್ಯಂತ ಸೊಗಸಾದ ಉದಾಹರಣೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿ 2014ರಲ್ಲಿ ಸಂಶೋಧನಾ ಲೇಖನವಾಗಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್. ಬಿಡಿಭಾಗಗಳ ಖರ್ಚು ಒಂದು ಡಾಲರಿಗೂ ಕಡಿಮೆ ಇರುವಂತೆ ವಿನ್ಯಾಸಗೊಳಿಸಿದ ಈ ಸೂಕ್ಷ್ಮದರ್ಶಕದ ದೇಹ ಕಾಗದ. ಹಾಳೆಯನ್ನು ಗುರುತಿಸಿದ ಗೆರೆಗಳಲ್ಲಿ ಮಡಿಸಿದಾಗ ಮಸೂರ, ಮಾದರಿಯ ಗಾಜು, ಬೆಳಕಿನ ಕಿಂಡಿ ಮೂರೂ ಒಂದೇ ಸಾಲಿಗೆ ಬರುತ್ತವೆ. ಪದರಗಳನ್ನು ಸರಿಸಿ ಮಾದರಿಯ ಬೇರೆ ಭಾಗ ನೋಡಬಹುದು, ಕಾಗದ ಬಾಗುವುದರಿಂದಲೇ ಫೋಕಸ್ ಸಿಗುತ್ತದೆ. ಮಸೂರವಾಗಿ ಗಾಜಿನ ಸಣ್ಣ ಗುಂಡನ್ನು ಆರಿಸಿದ್ದರಲ್ಲಿ ಜಾಣ್ಮೆಯಿದೆ: ಗುಂಡು ಎತ್ತ ಹೊರಳಿದರೂ ಒಂದೇ ಆಕಾರ, ಆದ್ದರಿಂದ ವಾಲುವ ದೋಷವೆಂಬುದೇ ಇರುವುದಿಲ್ಲ. ದುಂಡು ರಂಧ್ರದಲ್ಲಿ ಕೂರಿಸಿದರೆ ನಡುವೂ ತಾನೇ ಸಿಗುತ್ತದೆ.

ಫಿಲ್ಮ್‌ಗಳ ಸಮಸ್ಯೆ ಬೇರೆ. ಎಲ್‌ಸಿಡಿಯ ಧ್ರುವಕ ಫಿಲ್ಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು) ಎಡ್ವಿನ್ ಲ್ಯಾಂಡ್ 1938ರಲ್ಲಿ ಕಂಡುಹಿಡಿದ, ಎಳೆದು ಹಿಗ್ಗಿಸಿ ಅಯೋಡಿನ್ ಹಿಡಿಸಿದ ಪ್ಲಾಸ್ಟಿಕ್ ಹಾಳೆಯ ವಂಶದ್ದು. ಅದನ್ನು ಉದ್ದಕ್ಕೆ ಎಳೆದಿರುವುದರಿಂದ ಬೆಳಕು ಹೀರುವ ಅಕ್ಷ ಸುರುಳಿಯ ಅಂಚಿಗೆ ಸಮಾಂತರವಾಗಿರುತ್ತದೆ. ಅಂಚನ್ನೇ ಆಧಾರವಾಗಿ ಹಿಡಿದು ಕತ್ತರಿಸಿದರೆ ಅರ್ಧ ಕೆಲಸ ಮುಗಿಯಿತು. ಎರಡು ಫಿಲ್ಮ್‌ಗಳು ಪರಸ್ಪರ 90 ಡಿಗ್ರಿಗೆ ಅಡ್ಡಲಾಗಿರಬೇಕಾದಲ್ಲಿ 2 ಡಿಗ್ರಿ ತಪ್ಪಿದರೂ, ಮಾಲಸ್‌ನ ನಿಯಮದ ಪ್ರಕಾರ, ಸುಮಾರು ಶೇ. 0.12ರಷ್ಟು ಬೆಳಕು ಸೋರುತ್ತದೆ. ಸಾವಿರಕ್ಕೊಂದರ ಕಪ್ಪು-ಬಿಳುಪು ಅನುಪಾತ ಬೇಕೆಂದರೆ ಇಷ್ಟೇ ಸಾಕು ಕೆಡಿಸಲು. ಪರೀಕ್ಷೆಗೆ ಒಂದು ದೀಪ, ಅಕ್ಷ ಗೊತ್ತಿರುವ ಇನ್ನೊಂದು ಧ್ರುವಕ ಇದ್ದರಾಯಿತು. ಆದರೆ ಅತಿ ಕಪ್ಪಾದ ಸ್ಥಾನವನ್ನು ಕಣ್ಣಳತೆಯಲ್ಲಿ ಹುಡುಕಬಾರದು, ಅಲ್ಲಿ ಬೆಳಕಿನ ಬದಲಾವಣೆ ತೀರ ನಿಧಾನ. ಎಡಕ್ಕೂ ಬಲಕ್ಕೂ ತಿರುಗಿಸಿ ಬೆಳಕು ಸಮವಾಗುವ ಎರಡು ಕೋನಗಳನ್ನು ಗುರುತಿಸಿ ಅವುಗಳ ನಡುವಣ ಕೋನವನ್ನು ತೆಗೆದುಕೊಂಡರೆ ಫಲಿತಾಂಶ ಎಷ್ಟೋ ನಿಖರ.

ಓರೆಮಾಡಿದಾಗ ಚಿತ್ರ ಬದಲಾಗುವ ಲೆಂಟಿಕ್ಯುಲರ್ ಹಾಳೆಗಳಲ್ಲಿ ದೋಷವೇ ಅಳತೆಗೋಲಾಗುತ್ತದೆ. ಇಂಚಿಗೆ 75 ಮಸೂರಗಳಿರುವ ಹಾಳೆಯಲ್ಲಿ ಒಂದು ಮಸೂರದ ಅಗಲ ಸುಮಾರು 0.34 ಮಿ.ಮೀ. ಅಷ್ಟೇ ಅಂತರದ ಗೆರೆಗಳ ಮೇಲೆ ಅದನ್ನಿಟ್ಟು 0.5 ಡಿಗ್ರಿ ತಿರುಗಿಸಿದರೆ ಸುಮಾರು 39 ಮಿ.ಮೀ.ಗೊಂದರಂತೆ ಮೊಯ್ರೆ ಎಂಬ ನೆರಳು-ಬೆಳಕಿನ ಪಟ್ಟಿಗಳು ಮೂಡುತ್ತವೆ, 0.1 ಡಿಗ್ರಿಗೆ ಇಳಿಸಿದಾಗ ಪಟ್ಟಿಗಳ ಅಂತರ 19 ಸೆಂ.ಮೀ. ದಾಟುತ್ತದೆ. ಪಟ್ಟಿಗಳು ಅಗಲವಾಗುತ್ತ ಹಾಳೆಯಿಂದಾಚೆ ಹೋಗುವವರೆಗೆ ತಿರುಗಿಸಿದರೆ ಕೋನ ಸರಿಹೋಯಿತು, ಸೂಕ್ಷ್ಮದರ್ಶಕ ಬೇಕಾಗಿಲ್ಲ. ಅಂತರವನ್ನು ತಾಳೆನೋಡಲು ಸ್ವಲ್ಪ ಸ್ವಲ್ಪವೇ ಬದಲಾಗುವ ಗೆರೆಸಾಲುಗಳನ್ನು ಮುದ್ರಿಸಿ ಹಾಳೆಯನ್ನು ಮೇಲಿಟ್ಟು, ಪೂರ್ತಿ ಒಂದೇ ಬಣ್ಣವಾಗಿ ಕಾಣುವ ಸಾಲನ್ನು ಆರಿಸುತ್ತಾರೆ. ಮುದ್ರಣವೂ ಅಂಟಿಸುವುದೂ ಒಂದೇ ಉಷ್ಣತೆಯ ಕೋಣೆಯಲ್ಲಿ ನಡೆಯಬೇಕು. 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ 300 ಮಿ.ಮೀ. ಅಕ್ರಿಲಿಕ್ ಹಾಳೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ, ಅಂದರೆ ಅರ್ಧ ಮಸೂರಕ್ಕಿಂತ ಹೆಚ್ಚು. ಹಾಳೆಯ ಬೆನ್ನಿಗೇ ನೇರವಾಗಿ ಮುದ್ರಿಸಿದರೆ ಅಂಟಿಸುವ ಹಂತವೇ ತಪ್ಪುತ್ತದೆ.

ಹಲವು ಪದರಗಳನ್ನು ಪೇರಿಸುವಾಗ ಎರಡು ಗೂಟ ಸಾಕು. ಒಂದು ಗೂಟಕ್ಕೆ ದುಂಡು ರಂಧ್ರ, ಇನ್ನೊಂದಕ್ಕೆ ಉದ್ದನೆಯ ಸೀಳು ಇರಬೇಕು. ಎರಡೂ ದುಂಡಾಗಿದ್ದರೆ ಹಾಳೆ ಹಿಗ್ಗಿದಾಗ ಉಬ್ಬಿ ಸುಕ್ಕಾಗುತ್ತದೆ. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು ಗಟ್ಟಿಯಾಗುವಾಗ ಕುಗ್ಗಿ ಮಸೂರವನ್ನು ಎಳೆಯುವುದರಿಂದ, ಅದನ್ನು ಸುತ್ತಲೂ 120 ಡಿಗ್ರಿ ಅಂತರದ ಮೂರು ಚುಕ್ಕೆಗಳಾಗಿ ಇಡುವುದು ಒಳ್ಳೆಯದು, ಎಳೆತ ಮೂರೂ ಕಡೆ ಸಮವಾಗುತ್ತದೆ.

ಒಂದರ ಮೇಲೊಂದು ಕೂರುವ ಭಾಗಗಳು ಹೆಚ್ಚಿದಂತೆ ಸಣ್ಣ ದೋಷಗಳು ಕೂಡುತ್ತ ಹೋಗುತ್ತವೆ. ಆದ್ದರಿಂದ ಉತ್ತಮ ದರ್ಜೆಯ ಮೊಬೈಲ್ ಕ್ಯಾಮೆರಾಗಳಲ್ಲಿ ಮಸೂರಗಳನ್ನು ಅಚ್ಚಿನ ಅಂಚುಗಳ ಭರವಸೆಯಲ್ಲೇ ಪೇರಿಸಿ, ಪೂರ್ತಿ ಕಟ್ಟನ್ನು ಸಂವೇದಕದ ಮೇಲೆ ಕೂರಿಸುವ ಕೊನೆಯ ಹಂತಕ್ಕೆ ಮಾತ್ರ ಚಿತ್ರ ನೋಡಿ ಸರಿಸುವ ದುಬಾರಿ ಯಂತ್ರವನ್ನು ಬಳಸುತ್ತಾರೆ.