ಮುದಿ ಎತ್ತಿಗೆ ಹಗುರ ಹೇರು

ನಮ್ಮ ಲೋಕಾಪುರದ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ, ಎತ್ತಿನ ವಯಸ್ಸು ನೋಡಿ ಗಾಡಿಗೆ ಕಬ್ಬು ಹೇರುವ ಹಿರಿಯ ಒಕ್ಕಲಿಗರು ಕಾಣಸಿಗುತ್ತಿದ್ದರು. ಎತ್ತು ಮುದಿಯಾದರೆ ಹೇರು ಕಡಿಮೆ ಮಾಡುತ್ತಿದ್ದರೇ ಹೊರತು ಎತ್ತನ್ನು ಬಯ್ಯುತ್ತಿರಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಈ ವಿವೇಕ ನನಗೆ ಬಂದದ್ದು ತಡವಾಗಿ.

ನನ್ನದು ಹಳೆಯ ಸೆಲೆರಾನ್ ಯಂತ್ರ. ಮೆಮರಿ ೨೫೬ ಎಂಬಿ. ಅದರೊಳಗೆ ವಿಂಡೋಸ್ ಎಕ್ಸ್‌ಪಿ. ಅವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳನ್ನು ಆಕೆಯ ಬಾಯಿಂದಲೇ ಕೇಳಿ, 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿ ಇಟ್ಟಿದ್ದೆ. ಬೇರೆ ಪ್ರತಿ ಮಾಡಿಟ್ಟುಕೊಳ್ಳಲಿಲ್ಲ. ಅವ್ವ ಹೋದಳು. ೨೦೧೪ರ ಏಪ್ರಿಲ್ ೮ಕ್ಕೆ ಎಕ್ಸ್‌ಪಿಯ ಬೆಂಬಲದ ಅವಧಿಯೂ ಮುಗಿಯಿತು. ವೈರಸ್ ತಡೆಯಲೆಂದು ಹಾಕಿದ ಹೊಸ ಸಾಮಗ್ರಿಯ ಭಾರಕ್ಕೇ ಯಂತ್ರ ಏದುಸಿರು ಬಿಡತೊಡಗಿತು.

ನೋಡಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ, "ಗುರುಗಳ, ಇದನ್ನ ಗುಜರಿಗೆ ಹಾಕಿಬಿಡ್ರಿ" ಎಂದ.

"ಅವ್ವನ ಪದಾ ಅದರಾಗ ಅದಾವಪಾ" ಎಂದೆ.

ಅವನು ಸುಮ್ಮನಾದ. ಮುಂದಿನ ರವಿವಾರ ಎರಡು ಸಿ.ಡಿ. ಹಿಡಿದುಕೊಂಡು ಬಂದ. ಎರಡೂ ಲಿನಕ್ಸ್.

ಈ ಲಿನಕ್ಸಿನ ಕಥೆ ಹೆಲ್ಸಿಂಕಿಯಲ್ಲಿ ಆರಂಭವಾಗುತ್ತದೆ. ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತನ್ನ ೩೮೬ ಯಂತ್ರಕ್ಕಾಗಿ ಇದನ್ನು ಬರೆಯುತ್ತಿರುವುದಾಗಿ ೧೯೯೧ರ ಆಗಸ್ಟ್ ೨೫ರಂದು ಸಾರಿದ. ಇದರ ತಿರುಳು ಬೇರೆ, ಪರದೆಯ ಮೇಲಿನ ಶೃಂಗಾರ ಬೇರೆ. ಭಾರವೆಲ್ಲ ಬಹುಮಟ್ಟಿಗೆ ಶೃಂಗಾರದ್ದೇ. ಬೇಡವಾದದ್ದನ್ನು ತೆಗೆದು ಬೇಕಾದಷ್ಟನ್ನೇ ಇಟ್ಟುಕೊಳ್ಳಬಹುದು.

ಈ ಗುಣವನ್ನು ನಮ್ಮ ನಾಡಿನವರೂ ಬಹು ಹಿಂದೆಯೇ ಗುರುತಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಅಧ್ಯಾಪಕರು ಎನ್‌ಕೋರ್ ಕಂಪನಿಯವರೊಡನೆ ಸೇರಿ, ಬಡವರಿಗೂ ಎಟುಕುವ ಅಂಗೈಯಗಲದ 'ಸಿಂಪ್ಯೂಟರ್' ರೂಪಿಸಿ ೨೦೦೧ರಲ್ಲಿ ಲೋಕಕ್ಕೆ ತೋರಿಸಿದರು. ಅದರ ಮೆಮರಿ ೩೨ ಎಂಬಿ, ಅಂದರೆ ನನ್ನ ಯಂತ್ರದ ಎಂಟನೆಯ ಒಂದು ಪಾಲು. ಅದಕ್ಕೆ ಅವರು ಆರಿಸಿದ್ದು ಲಿನಕ್ಸನ್ನೇ. ಲೈಸೆನ್ಸಿನ ಹಣವಿಲ್ಲ, ಹೇರನ್ನೂ ಇಳಿಸಬಹುದು. ಓದಲು ಬಾರದವರಿಗಾಗಿ ಕನ್ನಡದಲ್ಲಿ ಓದಿ ಹೇಳುವ ಏರ್ಪಾಡನ್ನೂ ಮಾಡಿದ್ದರು. ಸಿಂಪ್ಯೂಟರ್ ಪೇಟೆಯಲ್ಲಿ ನಿಲ್ಲಲಿಲ್ಲ, ನಿಜ. ಆದರೆ ಬಡ ಯಂತ್ರಕ್ಕೆ ತಕ್ಕ ಬುದ್ಧಿ ಯಾವುದೆಂಬುದನ್ನು ತೋರಿಸಿ ಹೋಯಿತು.

ನಮ್ಮ ಮೊದಲ ಸಿ.ಡಿ. ಬಲು ಚೆಂದದ್ದು. ಚೆಂದವೇ ಭಾರವಾಯಿತು. ಮೆಮರಿ ಸಾಲದೆ ಯಂತ್ರ ಹಾರ್ಡ್ ಡಿಸ್ಕಿನ ಮೊರೆಹೊಕ್ಕು ಗರಗರ ತಿರುಗುತ್ತಾ ಕುಳಿತಿತು. ಎರಡನೆಯದು 'ಪಪ್ಪಿ', ಅಂದರೆ ನಾಯಿಮರಿ. ಬೇಟೆನಾಯಿಗೆ ಹೆಸರಾದ ಮುಧೋಳ ತಾಲೂಕಿನವನಾದ ನನಗೆ ಹೆಸರು ಕೇಳಿಯೇ ನಗು ಬಂತು. ಆಸ್ಟ್ರೇಲಿಯದ ಬ್ಯಾರಿ ಕಾಲರ್ ೨೦೦೩ರಲ್ಲಿ ಇದನ್ನು ಹೊರತಂದರು. ಇದು ಸಿ.ಡಿ.ಯಿಂದೆದ್ದು ನೇರ ಮೆಮರಿಯಲ್ಲೇ ನೆಲೆಸುತ್ತದೆ. ನಾವಾಗಿ ಹೇಳುವತನಕ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ನನ್ನ ಆಯ್ಕೆ ನಿಂತದ್ದು ಇದೊಂದೇ ಮಾತಿನ ಮೇಲೆ. ಅವ್ವನ ಪದಗಳು ಇದ್ದಲ್ಲೇ ಸುಖವಾಗಿದ್ದವು.

ಆದರೆ ಫೈಲು ತೆರೆದಾಗ ಎದೆ ಧಸಕ್ಕೆಂದಿತು. ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದು. ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ. ಯೂನಿಕೋಡ್ ೧೯೯೧ರಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದ್ದರೂ ನಾನು ಬಾಡಿಗೆ ಮನೆಯಲ್ಲೇ ಉಳಿದಿದ್ದೆ. ಹುಡುಗ ಎಕ್ಸ್‌ಪಿಯ ಫಾಂಟುಗಳ ಪೆಟ್ಟಿಗೆಯಿಂದ ನುಡಿಯ ಫಾಂಟನ್ನು ಎತ್ತಿ ಪಪ್ಪಿಯೊಳಗೆ ಇಟ್ಟ. ಅಕ್ಷರಗಳು ಕಣ್ಣು ಬಿಟ್ಟವು. ಅವ್ವನೇ ಕಂಡಂತಾಯಿತು.

ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿದೆವು. ಅರ್ಕಾವೊತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು. ಒಂದೊಂದು ಪದವನ್ನೂ ಬಾಯಲ್ಲಿ ಅಂದುಕೊಂಡು ತಿದ್ದಿದೆ. ಈ ಸಲ ಮೂರು ಪ್ರತಿ ಮಾಡಿ, ಒಂದನ್ನು ತಂಗಿಯ ಮನೆಯಲ್ಲಿಟ್ಟೆ.

ಹಗುರವಾದದ್ದನ್ನು ಆರಿಸುವುದೆಂದರೆ ಯಾವುದನ್ನು ಬಿಡಬಾರದೆಂದು ಮೊದಲು ತಿಳಿಯುವುದು. ಅದು ಗೊತ್ತಾದರೆ ಉಳಿದ ಹೇರನ್ನು ಇಳಿಸುವುದು ಕಷ್ಟವಲ್ಲ.