ಕೈಬಲದಿಂದ ನಡೆದ ಜಲಾಂತರ್ಗಾಮಿ ನೌಕೆ

ಕಡಬ ಸೀಮೆಯಿಂದ ಹರಿದುಬರುವ ಕುಮಾರಧಾರೆಯು ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಸಮುದ್ರವನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿಯು ಕಾಸರಗೋಡಿನ ಬಳಿ ಕಡಲಿಗಿಳಿಯುತ್ತದೆ. ಈ ಕಡಲತೀರದ ಮಂಗಳೂರಿನಲ್ಲಿಯೇ 1780ನೆಯ ಇಸವಿಯ ಡಿಸೆಂಬರಿನಲ್ಲಿ ಆಂಗ್ಲ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಹೈದರಾಲಿಯ ಹಡಗುಗಳನ್ನು ನಾಶಪಡಿಸಿದನು. ಕೆಲವೇ ತಿಂಗಳ ಹಿಂದೆ ಪೊಳ್ಳಿಲೂರಿನ ರಣರಂಗದಲ್ಲಿ ಜಯಗಳಿಸಿದ್ದ ಮೈಸೂರಿನ ಸೈನ್ಯಕ್ಕೆ ನೀರಿನ ಮೇಲೆ ಆ ಬಲವಿರಲಿಲ್ಲ. ಕಡಲಿನಲ್ಲಿ ದುರ್ಬಲವಾದ ಪಕ್ಷವು ಪ್ರಬಲವಾದ ನೌಕಾಪಡೆಯನ್ನು ಎದುರಿಸುವುದು ಹೇಗೆ? ಎಂಬತ್ತು ವರ್ಷಗಳ ತರುವಾಯ ಅಮೆರಿಕೆಯ ಅಂತರ್ಯುದ್ಧದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವೊಂದು ವಿಚಾರಾರ್ಹವಾಗಿದೆ.

ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಬೇರ್ಪಟ್ಟ ದಕ್ಷಿಣದ ಸಂಸ್ಥಾನಗಳ ಬಂದರುಗಳನ್ನು ಉತ್ತರದವರ ಹಡಗುಗಳು ಮುತ್ತಿದ್ದುವು. ಆ ಮುತ್ತಿಗೆಯನ್ನು ನೀರಿನ ಅಡಿಯಿಂದ ಮುರಿಯಬೇಕೆಂದು ಮೆಕ್ಲಿಂಟಾಕ್, ವಾಟ್ಸನ್ ಮತ್ತು ಹೊರೇಸ್ ಹನ್ಲಿ ಎಂಬವರು ಯತ್ನಿಸಿದರು. ಇವರ ಎರಡನೆಯ ನೌಕೆಗೆ ವಿದ್ಯುದಯಸ್ಕಾಂತದ ಯಂತ್ರವನ್ನೂ ಉಗಿಯಂತ್ರವನ್ನೂ ಅಳವಡಿಸಿ ನೋಡಿದುದು ಫಲಿಸಲಿಲ್ಲ. ಆದುದರಿಂದ ಮನುಷ್ಯನ ತೋಳುಗಳನ್ನೇ ನೆಚ್ಚಬೇಕಾಯಿತು. 1863ರಲ್ಲಿ ಮೊಬೈಲ್ ನಗರದಲ್ಲಿ ಸಿದ್ಧವಾಗಿ ಮುಂದೆ 'ಹನ್ಲಿ' ಎಂಬ ಹೆಸರನ್ನು ಪಡೆದ ಮೂರನೆಯ ನೌಕೆಯು ಸುಮಾರು 40 ಅಡಿ ಉದ್ದದ ಕಬ್ಬಿಣದ ಕೊಳವೆಯಾಗಿದ್ದಿತು. ಏಳು ಮಂದಿ ಸಾಲಾಗಿ ಕುಳಿತು ಉದ್ದನೆಯ ತಿರುಗುಣಿಯನ್ನು ಕೈಯಿಂದ ತಿರುಗಿಸಿದರೆ ಹಿಂಭಾಗದ ಚಕ್ರವು ತಿರುಗುತ್ತಿದ್ದಿತು. ಎಂಟನೆಯವನು ಚುಕ್ಕಾಣಿ ಹಿಡಿಯುತ್ತಿದ್ದನು. ಎರಡು ಕೊನೆಗಳ ತೊಟ್ಟಿಗಳಿಗೆ ನೀರನ್ನು ಬಿಟ್ಟರೆ ನೌಕೆ ಮುಳುಗುವುದು, ಪಂಪಿನಿಂದ ನೀರನ್ನು ಹೊರಹಾಕಿದರೆ ಏಳುವುದು. ಒಳಗೆ ಸೆರೆಯಾದ ಗಾಳಿಯೇ ಉಸಿರಿಗೆ ಆಧಾರ; ಅದು ಕೆಡುತ್ತಿರುವುದನ್ನು ಮೇಣದಬತ್ತಿಯ ಉರಿಯು ಸೂಚಿಸುತ್ತಿದ್ದಿತು.

ಚಾರ್ಲ್‌ಸ್ಟನ್ ಬಂದರಿನಲ್ಲಿ 1863ರ ಆಗಸ್ಟ್ 29ರಂದು ಈ ನೌಕೆಯು ಮುಳುಗಿ ಐವರು ಮಡಿದರು. ಅದನ್ನು ಮೇಲೆತ್ತಿ ಮತ್ತೆ ಪರೀಕ್ಷಿಸುತ್ತಿರಲು, ಅಕ್ಟೋಬರ್ 15ರಂದು ಸ್ವತಃ ಹನ್ಲಿಯೂ ಸೇರಿ ಎಂಟು ಮಂದಿ ಅಸುನೀಗಿದರು. ಆದರೂ ಮೂರನೆಯ ತಂಡವು ತಾನಾಗಿಯೇ ಮುಂದೆ ಬಂದಿತು. 1864ರ ಫೆಬ್ರವರಿ 17ರ ರಾತ್ರಿ ಡಿಕ್ಸನನ ನಾಯಕತ್ವದಲ್ಲಿ ಹೊರಟ ಆ ತಂಡವು ಉದ್ದನೆಯ ಗಳುವಿನ ತುದಿಗೆ ಕಟ್ಟಿದ ಸಿಡಿಮದ್ದಿನಿಂದ 'ಹೌಸಟಾನಿಕ್' ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದುದು ಇತಿಹಾಸದಲ್ಲಿ ಇದೇ ಮೊದಲು. ಆ ಹಡಗಿನಲ್ಲಿ ಸತ್ತವರು ಐವರು. 'ಹನ್ಲಿ' ಮಾತ್ರ ದಡಕ್ಕೆ ಹಿಂದಿರುಗಲಿಲ್ಲ.

1995ರಲ್ಲಿ ಪತ್ತೆಯಾದ ನೌಕೆಯನ್ನು 2000ದ ಆಗಸ್ಟ್ 8ರಂದು ಮೇಲೆತ್ತಲಾಯಿತು. ಎಂಟು ಮಂದಿಯ ಅಸ್ಥಿಗಳು ತಮ್ಮ ತಮ್ಮ ಸ್ಥಾನಗಳಲ್ಲಿಯೇ ದೊರೆತುವು. ಬಾಗಿಲಿನ ಕಡೆಗೆ ನುಗ್ಗಿದ ಕುರುಹು ಕಾಣಲಿಲ್ಲ. ಸಿಡಿಮದ್ದು ನೌಕೆಯಿಂದ ಇಪ್ಪತ್ತು ಅಡಿಗಿಂತ ದೂರದಲ್ಲಿರಲಿಲ್ಲವೆಂಬುದು ಗಳುವಿನ ಪರಿಶೀಲನೆಯಿಂದ ತಿಳಿದಿದೆ. ಸ್ಫೋಟದ ಆಘಾತವೇ ಅವರನ್ನು ಕೊಂದಿತೆಂದು ಕೆಲವು ಶೋಧಕರ ಮತ. 2004ರಲ್ಲಿ ಅವರ ಅಂತ್ಯಸಂಸ್ಕಾರವು ನಡೆಯಿತು.

ಲೆಕ್ಕವನ್ನು ನೋಡಿದರೆ, ಶತ್ರುಪಕ್ಷದ ಐವರಿಗೆ ಪ್ರತಿಯಾಗಿ ಈ ನೌಕೆಯು ತನ್ನವರೇ ಆದ ಇಪ್ಪತ್ತೊಂದು ಮಂದಿಯನ್ನು ಬಲಿತೆಗೆದುಕೊಂಡಿತು. ಬಂದರಿನ ಮುತ್ತಿಗೆ ಮುರಿಯಲಿಲ್ಲ. ಸರಿಯಾಗಿ ಒಂದು ವರ್ಷದ ತರುವಾಯ ಚಾರ್ಲ್‌ಸ್ಟನ್ನನ್ನು ಅದರ ರಕ್ಷಕರು ತೊರೆದರು. ಅವರನ್ನು ಕದಲಿಸಿದುದು ಕಡಲಿನಿಂದ ಬಂದ ಹಡಗುಗಳಲ್ಲ, ಒಳನಾಡಿನಿಂದ ನಡೆದು ಬಂದ ಸೈನ್ಯ. ಯುದ್ಧದ ಗತಿಯನ್ನು ಬದಲಿಸದ ಯಂತ್ರವೂ ಮುಂದಿನ ಯುದ್ಧಗಳ ರೀತಿಯನ್ನು ಬದಲಿಸಬಲ್ಲದೆಂಬುದಕ್ಕೆ 'ಹನ್ಲಿ'ಯು ನಿದರ್ಶನ. ಅದರ ಬೆಲೆಯನ್ನು ತೆತ್ತವರು ತಿರುಗುಣಿಯನ್ನು ಹಿಡಿದ ಕೈಗಳವರು.