ಮೋರಿಗೆ ಒಂದು ಹೆಸರಿತ್ತು

ನಾಯಂಡಹಳ್ಳಿಯಿಂದ ಕೆಂಗೇರಿ ಕಡೆ ಹೋಗುವ ಬಸ್ಸಿನಲ್ಲಿ ಒಂದು ಜಾಗ ಬರುತ್ತಿದ್ದಂತೆ ಎಲ್ಲರ ಕೈ ಮೂಗಿಗೆ ಹೋಗುತ್ತದೆ. ಹೋದ ತಿಂಗಳು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದ ಪುಟ್ಟ ಹುಡುಗಿ ಕೇಳಿದಳು, "ಅಮ್ಮ, ಏನದು?" ಅಮ್ಮ ಕಿಟಕಿ ಎಳೆಯುತ್ತಾ ಹೇಳಿದರು, "ದೊಡ್ಡ ಮೋರಿ ಕಣೇ."

ಆ ಅಮ್ಮನನ್ನು ದೂರುವ ಹಾಗಿಲ್ಲ. ವರದಿಗೆಂದು ಓಡಾಡಲು ಶುರು ಮಾಡುವವರೆಗೆ ನನಗೂ ಅದು ಮೋರಿಯೇ ಆಗಿತ್ತು.

ಅದು ನದಿ. ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆ ಎಂಬ ನಂಬಿಕೆಯಿಂದ ಬಂದ ಹೆಸರು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಕಡೆಯಿಂದಲೂ ಒಂದು ಕವಲು ಬರುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕ ಹಾದು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಅರ್ಕಾವತಿಗೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ.

ಬೆಂಗಳೂರು ಎತ್ತರದ ದಿಣ್ಣೆ ಮೇಲಿರುವ ಊರು. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿ ಕಡೆ ಇಳಿಯುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿ ಕಡೆ. ರಾಜಾಜಿನಗರ, ವಿಜಯನಗರದ ಮಳೆಗೆ ವೃಷಭಾವತಿಯೇ ದಾರಿ. ಈ ದಾರಿಯುದ್ದಕ್ಕೂ ಹಿಂದಿನವರು ಕೆರೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಹಳ್ಳಿಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ನಗರ ಪಶ್ಚಿಮಕ್ಕೆ ಚಾಚಿತು. ಕಾರ್ಖಾನೆಗಳು ಬಂದವು, ಕಾರ್ಮಿಕರಿಗೆ ಮನೆ ಬೇಕಾಯಿತು. ರಾಜಾಜಿನಗರದ ಕೇತಮಾರನಹಳ್ಳಿ ಕೆರೆ, ವಿಜಯನಗರದ ಮಾರೇನಹಳ್ಳಿ ಕೆರೆ ಬಡಾವಣೆಗಳಾದವು. ನಾವು ಊರಿಗೆ ಬಸ್ಸು ಹತ್ತುವ ಮೆಜೆಸ್ಟಿಕ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ.

ಹಾಗಾದರೆ ಕುಡಿಯುವ ನೀರು? 1890ರ ದಶಕದಲ್ಲಿ ಹೆಸರಘಟ್ಟದಿಂದ ತಂದರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು. ಅದೂ ಸಾಲದೆ 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನೇ ಮೇಲೆತ್ತಿ ತಂದರು. ನೀರು ಹೆಚ್ಚಾದಷ್ಟೂ ಕೊಳಚೆ ಹೆಚ್ಚಾಯಿತು. ಬೇಸಿಗೆಯಲ್ಲಿ ಸಣ್ಣಗಾಗಬೇಕಿದ್ದ ವೃಷಭಾವತಿ ಈಗ ವರ್ಷಪೂರ್ತಿ ಹರಿಯುತ್ತದೆ. ಅದರಲ್ಲಿ ಹರಿಯುವುದು ಬಹುಪಾಲು ನಾವು ಬಳಸಿ ಬಿಟ್ಟ ನೀರು. ಬೆಂಗಳೂರಿಗೆ ಕಾವೇರಿ ನೀರೆತ್ತುವುದು ಶಿವನಸಮುದ್ರದ ಹತ್ತಿರ. ಬಳಸಿದ ನೀರು ಮತ್ತೆ ಕಾವೇರಿ ಸೇರುವುದು ಅದಕ್ಕಿಂತ ಕೆಳಗೆ, ಸಂಗಮದಲ್ಲಿ. ಹಾಗಾಗಿ ಇಲ್ಲಿನ ಕೊಳಚೆ ನಗರದವರ ನಲ್ಲಿಗೆ ಮರಳಿ ಬರುವುದಿಲ್ಲ. ಅದನ್ನು ಉಣ್ಣುವವರು ಕೆಳಗಿನ ಹಳ್ಳಿಯವರು.

ಬೈರಮಂಗಲ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ವ್ಯವಸಾಯಕ್ಕೆ. ಈಗ ಅದರ ಕೋಡಿಯಲ್ಲಿ ನೊರೆ ಏಳುತ್ತದೆ. ಅದೇ ನೀರಿನಲ್ಲಿ ಬೆಳೆ ಬೆಳೆಯುತ್ತಾರೆ, ಹಸುಗಳಿಗೆ ಹುಲ್ಲೂ ಬೆಳೆಯುತ್ತಾರೆ.

ಕಾನೂನು ಇರಲಿಲ್ಲವೇ? ಇತ್ತು. ಕಾವೇರಿ ಬಂದ 1974ರಲ್ಲೇ ದೇಶದಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂತು, ನಮ್ಮ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. 1976ರ ತಿದ್ದುಪಡಿಯಲ್ಲಿ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯ ಎಂದು ಸಂವಿಧಾನದಲ್ಲೇ ಬರೆದರು.

ಈ ಕರ್ತವ್ಯವನ್ನು ಮಕ್ಕಳಿಗೆ ಯಾರು ಹೇಳಬೇಕು? ವಕೀಲ ಎಂ.ಸಿ. ಮೆಹ್ತಾ ಇದೇ ವಿಚಾರ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 1991ರ ನವೆಂಬರ್ 22ರಂದು ತೀರ್ಪು ಬಂತು: ಶಾಲೆ, ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ಪಾಠವಾಗಬೇಕು, ಸಿನಿಮಾ ಟಾಕೀಸುಗಳಲ್ಲೂ ಪರಿಸರದ ಸ್ಲೈಡ್ ತೋರಿಸಬೇಕು. ಜಾರಿ ನಿಧಾನವಾಯಿತು. 2003ರಲ್ಲಿ ಕೋರ್ಟ್ ಮತ್ತೆ ಎಚ್ಚರಿಸಿ, ಪಠ್ಯಕ್ರಮ ರೂಪಿಸಲು ಎನ್‌ಸಿಇಆರ್‌ಟಿಗೆ ಹೇಳಬೇಕಾಯಿತು.

ಅಂತೂ ಪಾಠ ಬಂತು. ಆದರೆ ನಾನು ನೋಡಿದ ಮಟ್ಟಿಗೆ, ಆ ಪಾಠ ಶಾಲೆಯ ಕಾಂಪೌಂಡ್ ದಾಟುವುದು ಅಪರೂಪ. ಜೂನ್ 5ಕ್ಕೆ ಒಂದು ಸಸಿ, ಒಂದು ಫೋಟೋ. ಮರುವರ್ಷ ಎಷ್ಟೋ ಕಡೆ ಅದೇ ಗುಂಡಿಗೆ ಇನ್ನೊಂದು ಸಸಿ. ಧ್ರುವ ಪ್ರದೇಶದ ಹಿಮ ಕರಗುವುದು ಮಕ್ಕಳಿಗೆ ಬಾಯಿಪಾಠ. ಬಸ್ಸಿನ ಕಿಟಕಿಯಾಚೆ ಇರುವ ನದಿಯ ಹೆಸರು ಗೊತ್ತಿಲ್ಲ.

ಹವಾಮಾನ ಬದಲಾವಣೆಯ ಪಾಠಕ್ಕೆ ಧ್ರುವಕ್ಕೆ ಹೋಗಬೇಕಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಅದಕ್ಕೇ ಮಳೆ ಬಂದಾಗ ಒಮ್ಮೆಲೇ ಸುರಿಯುವುದು ಹೆಚ್ಚುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದರು. 2024ರ ಮಾರ್ಚ್‌ನಲ್ಲಿ ಅದೇ ನಗರ ಕೊಡ ಹಿಡಿದು ಟ್ಯಾಂಕರ್ ಕಾಯಿತು. ಸುರಿದ ನೀರನ್ನು ಹಿಡಿದಿಟ್ಟು, ಬರಗಾಲಕ್ಕೆ ಅಂತರ್ಜಲ ಉಳಿಸುತ್ತಿದ್ದದ್ದು ಕೆರೆಗಳು. ಅವನ್ನು ಮುಚ್ಚಿದ ಊರಿಗೆ ನೆರೆಯೂ ಜೋರು, ಬರವೂ ಜೋರು. ಇದನ್ನು ನಾಲ್ಕನೇ ಕ್ಲಾಸಿನ ಮಗುವಿಗೂ ಅರ್ಥ ಮಾಡಿಸಬಹುದು.

ಮಾಡುವುದು ಕಷ್ಟವೂ ಅಲ್ಲ, ಖರ್ಚೂ ಇಲ್ಲ. ಶಾಲೆಯ ಅಂಗಳದಲ್ಲಿ ಬಿದ್ದ ಮಳೆ ಎತ್ತ ಹರಿಯುತ್ತದೆ, ಯಾವ ಕಾಲುವೆ, ಯಾವ ಕೆರೆ, ಕೊನೆಗೆ ಯಾವ ನದಿ ಎಂದು ಮಕ್ಕಳಿಂದಲೇ ನಕ್ಷೆ ಬರೆಸಿ. ಅಜ್ಜ ಅಜ್ಜಿಯರನ್ನು ಕೇಳಿಸಿ: ನೀವು ಈಜು ಕಲಿತದ್ದು ಎಲ್ಲಿ? ಕೋಡಿ ಬಿದ್ದಾಗ ಯಾವ ಮೀನು ಸಿಗುತ್ತಿತ್ತು? ಎಲ್ಲಿವರೆಗೆ ನೀರು ನಿಲ್ಲುತ್ತಿತ್ತು? ಆ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅದೇ ಊರಿನ ಇತಿಹಾಸ. ನಾಳೆ ಯಾರಾದರೂ ಇಲ್ಲಿ ಕೆರೆಯೇ ಇರಲಿಲ್ಲ ಎಂದರೆ ಬಿಚ್ಚಿ ತೋರಿಸಲು ಒಂದು ಪುಟವಾದರೂ ಇರುತ್ತದೆ.

ಅವತ್ತು ಬಸ್ಸಿನಲ್ಲಿ ನಾನು ಬಗ್ಗಿ ಆ ಹುಡುಗಿಗೆ ಹೇಳಿದೆ, "ಪುಟ್ಟಿ, ಅದರ ಹೆಸರು ವೃಷಭಾವತಿ." ಅವಳು ಎರಡು ಸಲ ಹೇಳಿಕೊಂಡಳು, ಎರಡನೇ ಸಲ ಸರಿಯಾಗಿ ಬಂತು. ಆಮೇಲೆ ಕೇಳಿದಳು, "ಅದರಲ್ಲಿ ಮೀನು ಇದಾವಾ ಅಂಕಲ್?" ಅಷ್ಟರಲ್ಲಿ ಅವರ ಸ್ಟಾಪ್ ಬಂತು.